ಕರೆಂಟು ಬಂದರೂ ಕಾಯುವ ಮಿಲ್ಲು

ನನ್ನ ಮೊಮ್ಮಗಳು ಒಂದು ಸ್ಲೇಟಿನಗಲದ ಕಂಪ್ಯೂಟರನ್ನು ಗುಬ್ಬಿಯ ಅಕ್ಕಿ ಮಿಲ್ಲಿಗೆ ಮೇಸ್ತ್ರಿ ಮಾಡಿದಳು. ಈ ಮಾತನ್ನು ನಾನು ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ, ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಹೇಳಿದ್ದೇನೆ, ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿ ಎಂದರೆ ಅವರನ್ನೂ ಬಿಡದೆ ಹೇಳಿದ್ದೇನೆ. ಎಷ್ಟು ಹೇಳಿದರೂ ಹೊಟ್ಟೆ ತುಂಬಿಲ್ಲ. ಅದಕ್ಕೇ ಬರೆಯಲು ಕೂತೆ. ಹಾಗಲವಾಡಿಯ ಶಾಲೆಯಲ್ಲಿ ಮೂರನೇ ಕ್ಲಾಸು ಮುಗಿಸಿ ಮದುವೆಯಾದವಳ ಬರವಣಿಗೆ ಇದು. ಎಲ್ಲಾದರೂ ಅಂಕುಡೊಂಕಾದರೆ ನೀವೇ ನೇರ ಮಾಡಿಕೊಂಡು ಓದಿ.

ಎಂಬತ್ತರ ದಶಕದ ನಡುವಿನ ವರ್ಷಗಳು. ಗುಬ್ಬಿಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ನಾನು, ಮಗ, ಸೊಸೆ, ಅವರ ಒಬ್ಬಳೇ ಮಗಳು. ಅವಳು ದಿನಾ ರೈಲಿನಲ್ಲಿ ತುಮಕೂರಿಗೆ ಹೋಗಿ ಇಂಜಿನಿಯರಿಂಗ್ ಓದುತ್ತಿದ್ದಳು. ಮಗ ಊರಾಚೆಯ ಅಕ್ಕಿ ಮಿಲ್ಲಿನಲ್ಲಿ ಆಪರೇಟರ್. ಕುಣಿಗಲ್ ಕೆರೆಯ ಬಯಲಿನಿಂದ ಲಾರಿಗಟ್ಟಲೆ ಭತ್ತ ಬರುತ್ತಿತ್ತು. ಸುಗ್ಗಿ ಮುಗಿದ ಮೇಲೆ ನಮ್ಮ ಓಣಿಯ ಬಟ್ಟೆ, ಪಾತ್ರೆ, ಬೆಕ್ಕು ಎಲ್ಲದರ ಮೇಲೂ ಹೊಟ್ಟಿನ ಧೂಳು.

ಆ ಮಿಲ್ಲಿನ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಸಂತೋಷ ನಿಮಗೆ ತಿಳಿಯುವುದಿಲ್ಲ. ಎಲಿವೇಟರ್ ಎಂದರೆ ನೀವು ದೊಡ್ಡ ಕಟ್ಟಡದ ಲಿಫ್ಟು ಅಂದುಕೊಳ್ಳಬೇಡಿ. ಇದು ಭತ್ತ ಹತ್ತುವ ಲಿಫ್ಟು. ಉದ್ದನೆಯ ಬೆಲ್ಟಿಗೆ ತಗಡಿನ ಬೊಗಸೆಗಳನ್ನು ಸಾಲಾಗಿ ಬಿಗಿದಿರುತ್ತಾರೆ. ಕೆಳಗಿನ ಗುಂಡಿಯಲ್ಲಿ ಅವು ಭತ್ತ ಮೊಗೆದುಕೊಂಡು ಮೇಲೆ ಹೋಗಿ ಶೆಲ್ಲರಿಗೆ ಸುರಿಯುತ್ತವೆ. ಶೆಲ್ಲರ್ ಹೊಟ್ಟು ಬಿಡಿಸುತ್ತದೆ, ಬ್ಲೋವರ್ ಆ ಹೊಟ್ಟನ್ನು ಊದಿ ಆಚೆ ಹಾಕುತ್ತದೆ, ಕೊನೆಗೆ ಪಾಲಿಷರ್. ಇವನ್ನು ಶುರು ಮಾಡುವಾಗ ಹಿಂದಿನಿಂದ ಮುಂದಕ್ಕೆ ಬರಬೇಕು. ಕೊನೆಯದು ಮೊದಲು, ಭತ್ತದ ಎಲಿವೇಟರ್ ಎಲ್ಲಕ್ಕಿಂತ ಕೊನೆಗೆ. ಊಟಕ್ಕೆ ಎಲೆ ಹಾಕಿದ ಮೇಲೆ ತಾನೇ ಅನ್ನ ಬಡಿಸುವುದು? ಹಾಗೆ. ಮೊದಲೇ ಎಲಿವೇಟರ್ ಹೊರಟರೆ ನಿಂತ ಶೆಲ್ಲರಿನ ಮೇಲೆ ಭತ್ತ ಸುರಿದು ಎಲ್ಲ ಕಟ್ಟಿಕೊಳ್ಳುತ್ತದೆ.

ಕರೆಂಟು ಹೋದಾಗ ಮೋಟರುಗಳೆಲ್ಲ ನಿಲ್ಲುತ್ತವೆ. ಆದರೆ ಜಾರಿ ಬರುತ್ತಿದ್ದ ಭತ್ತಕ್ಕೆ ಕರೆಂಟಿನ ಹಂಗಿಲ್ಲವಲ್ಲ, ಅದು ಬಂದು ಬಂದು ಗುಂಡಿ ತುಂಬುತ್ತದೆ, ಬೊಗಸೆಗಳು ಹೂತುಹೋಗುತ್ತವೆ. ಆಗ ನನ್ನ ಮಗ ಮುಚ್ಚಳ ಎತ್ತಿ, ನೆಲದ ಮೇಲೆ ಬೋರಲು ಮಲಗಿ, ತೋಳು ಒಳಗೆ ಹಾಕಿ ಭತ್ತವನ್ನು ತೋಡಿ ತೋಡಿ ಆಚೆ ಹಾಕಬೇಕು. ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೋ ಅವನು ಅಷ್ಟು ಸಲ ಮಲಗುತ್ತಿದ್ದ.

ಇದರ ಜೊತೆಗೆ ಕಡ್ಡಿಯ ಪದ್ಧತಿ ಒಂದಿತ್ತು. ಓಲ್ಟೇಜು ಸಾಲದಿದ್ದರೆ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೂ ಮೋಟರು ಹಿಡಿದುಕೊಳ್ಳುತ್ತಿರಲಿಲ್ಲ, ಕೈ ಬಿಟ್ಟರೆ ನಿಂತುಹೋಗುತ್ತಿತ್ತು. ಅದಕ್ಕೆ ಗುಂಡಿಯನ್ನು ಒತ್ತಿ, ಸಂದಿಗೆ ಒಂದು ಕಡ್ಡಿ ಸಿಕ್ಕಿಸಿಬಿಡುವುದು. ಕರೆಂಟು ಹೋಗಿ ಬಂದರೆ ತಾನಾಗೇ ಹೊರಡುತ್ತದೆ, ಯಾರೂ ಎದ್ದು ಹೋಗಬೇಕಿಲ್ಲ. ನಮ್ಮ ಕಡೆ ತೋಟದ ಪಂಪ್‌ಸೆಟ್ಟುಗಳೂ ಕಡ್ಡಿಯ ಮೇಲೇ ನಡೆಯುತ್ತಿದ್ದವು. ಮೊಮ್ಮಗಳು ಪಿಯುಸಿ ಓದುತ್ತಿದ್ದ ವರ್ಷ ನನ್ನ ಮಗ ಭತ್ತದ ಗುಂಡಿಗೆ ಕೈ ಹಾಕಿ ಮಲಗಿದ್ದಾಗ ಕರೆಂಟು ಬಂತು. ಯಾರೋ ಕಡ್ಡಿ ಸಿಕ್ಕಿಸಿದ್ದರು. ಯಾರು ಎಂದು ಕೇಳಿ ಏನು ಮಾಡುವುದು, ಎಲ್ಲರೂ ಸಿಕ್ಕಿಸುವವರೇ. ಬೊಗಸೆ ಅವನ ಎಡಗೈಯ ಎರಡು ಬೆರಳಿನ ತುದಿ ತೆಗೆದುಕೊಂಡು ಮೇಲೆ ಹೋಯಿತು.

ಗಾಯ ಮಾಗಿತು. ಅವನು ಮತ್ತೆ ಅದೇ ಗುಂಡಿಗೆ ಬಲಗೈ ಹಾಕತೊಡಗಿದ. ಮನೆಯಲ್ಲಿ ದೀಪ ಆರಿದರೆ ಉಳಿದ ಮನೆಯವರು ಸೀಮೆಎಣ್ಣೆ ಬುಡ್ಡಿ ಹುಡುಕುತ್ತಾರೆ. ನಾವು ಮೂವರು ಹೆಂಗಸರು ಅಲುಗಾಡದೆ ಕೂರುತ್ತಿದ್ದೆವು. ದೀಪ ಬಂದಾಗ ಇನ್ನೂ ಭಯ. ಮೊಮ್ಮಗಳು ಬಾಗಿಲಿಗೆ ಹೋಗಿ ಮಿಲ್ಲಿನ ಕಡೆ ಕಿವಿ ಕೊಟ್ಟು ನಿಲ್ಲುತ್ತಿದ್ದಳು.

ಕೊನೆಯ ವರ್ಷದ ಓದಿಗೆ ಬಂದಾಗ ಒಂದು ಸಂಜೆ ಅವಳು ಟವೆಲಿನಲ್ಲಿ ಏನೋ ಸುತ್ತಿಕೊಂಡು ಬಂದಳು. ಬಾಣಂತಿ ಮಗುವನ್ನು ಹಿಡಿದುಕೊಂಡ ಹಾಗೆ ಹಿಡಿದಿದ್ದಳು. ಬಿಚ್ಚಿದರೆ ಒಂದು ಹಸಿರು ಹಲಗೆ. ಅದರ ಮೇಲೆ ಜಿರಳೆಗಳು ಕಾಲು ಊರಿ ಕೂತ ಹಾಗೆ ಕರೀ ಚಿಪ್ಪುಗಳು, ಒಂದು ಮೂಲೆಯಲ್ಲಿ ಒತ್ತುವ ಗುಂಡಿಗಳು, ಮೇಲೆ ಕೆಂಪಗೆ ಉರಿಯುವ ಅಂಕಿಗಳು.

"ಏನವ್ವ ಇದು?"

"ಕಂಪ್ಯೂಟರ್ ಕಣಜ್ಜಿ."

"ಟಿವಿ ಥರದ್ದು ಇರ್ತದಲ್ಲ, ಅದೆಲ್ಲೋಯ್ತು?"

"ಇದಕ್ಕೆ ಅದಿಲ್ಲ. ಒಂದೇ ಹಲಗೇಲಿ ಎಲ್ಲಾ ಐತೆ. ಕಾಲೇಜಲ್ಲಿ ಕಲಿಯೋಕೆ ಅಂತ ಇಟ್ಟಿರೋದು. ಇದರದ್ದು ಎರಡು ಗುಂಡಿ ಹಿಡ್ಕೊಳ್ತವೆ, ಅದಕ್ಕೆ ಯಾರೂ ಮುಟ್ತಿರಲಿಲ್ಲ. ಮೇಷ್ಟ್ರು ಪ್ರಾಜೆಕ್ಟಿಗೆ ತಗೊಂಡೋಗು ಅಂದ್ರು."

"ಏನ್ ಮಾಡ್ತೀಯ ಇದರಲ್ಲಿ?"

"ಅಪ್ಪನ ಕೈ ಕಾಯ್ತೀನಿ."

ಕಾಲೇಜಿನವರಿಗೆ ಮೇಜಿನ ಮೇಲೆ ನಾಲ್ಕು ಬಲ್ಬು ಹತ್ತಿಸಿ ಆರಿಸಿ ತೋರಿಸಿದ್ದರೆ ಸಾಕಿತ್ತಂತೆ. ಇವಳಿಗೆ ಅದು ಬೇಡ. ಮಿಲ್ಲಿನ ಮೋಟರುಗಳೇ ಬೇಕು. ಕರೆಂಟು ಬಂದ ತಕ್ಷಣ ಯಾವ ಮೋಟರೂ ಹೊರಡಬಾರದು, ಗುಂಡಿಯ ಮುಚ್ಚಳ ತೆರೆದಿದ್ದರೆ ಏನು ಮಾಡಿದರೂ ಹೊರಡಬಾರದು, ಮುಚ್ಚಿದ ಮೇಲೆ ಅಪ್ಪ ಒಂದು ಗುಂಡಿ ಒತ್ತಿದರೆ ಹಿಂದಿನಿಂದ ಒಂದೊಂದಾಗಿ ಸರದಿಯಂತೆ ಹೊರಡಬೇಕು. ಇಷ್ಟನ್ನು ಆ ಹಲಗೆಗೆ ಕಲಿಸಬೇಕು. ದೊಡ್ಡ ಫ್ಯಾಕ್ಟರಿಗಳಲ್ಲಿ ಇಂಥ ಕೆಲಸಕ್ಕೇ ಬೇರೆ ಯಂತ್ರ ಇರುತ್ತದಂತೆ, ನಮ್ಮ ಮಿಲ್ಲಿನಂಥ ಮಿಲ್ಲನ್ನು ಮಾರಿದರೂ ಅದು ಬರುವುದಿಲ್ಲವಂತೆ.

ಕಲಿಸುವುದು ಎಂದರೆ ಅಂಕಿ ಒತ್ತುವುದು. ಬರೀ ಅಂಕಿಯಲ್ಲ, ನಡುನಡುವೆ ಇಂಗ್ಲಿಷ್ ಅಕ್ಷರ. ಒಂದು ಕೈಯಲ್ಲಿ ಹಾಳೆ ಹಿಡಿದು ಒಂದು ಕೈಯಲ್ಲಿ ಒತ್ತಿದರೆ ತಪ್ಪಾಗುತ್ತದೆ ಎಂದು ಅವಳು ನನಗೆ ಆ ಅಕ್ಷರಗಳನ್ನು ಕಲಿಸಿದಳು. ಎ ಇಂದ ಎಫ್‌ವರೆಗೆ ಅಷ್ಟೆ. ಉಳಿದ ಇಂಗ್ಲಿಷ್ ನನಗೆ ಇವತ್ತಿಗೂ ಬರುವುದಿಲ್ಲ, ಬೇಕಾಗಿಯೂ ಇಲ್ಲ. ನಾನು ಅವರೆಕಾಯಿ ಸುಲಿಯುತ್ತಾ ಕನ್ನಡಕ ಏರಿಸಿಕೊಂಡು ಓದುವುದು: "ಮೂರು ಇ. ಸೊನ್ನೆ ಒಂದು. ಡಿ ಮೂರು." ಅವಳು ಒತ್ತುವುದು. ಮಂತ್ರ ಹೇಳುವ ಪುರೋಹಿತರಿಗೂ ಅಷ್ಟು ಗತ್ತು ಇದ್ದಿರಲಿಕ್ಕಿಲ್ಲ. ಪಕ್ಕದ ಮನೆಯವಳು ಬೇಲಿಯಿಂದ ಇಣುಕಿ, "ಏನಕ್ಕ, ವಯಸ್ಸಾದ ಕಾಲದಲ್ಲಿ ಪರೀಕ್ಷೆ ಕಟ್ಟಿದ್ದೀಯ?" ಎಂದಳು. "ಹೂ ಕಣೇ, ಪಾಸಾದ್ರೆ ನಿನ್ ಕೈಲಿ ಕೆಲಸ ಮಾಡುಸ್ಕತೀನಿ" ಎಂದೆ.

ಅಷ್ಟೂ ಒತ್ತಿ ಮುಗಿಸಿ, ಮೋಟರುಗಳ ಬದಲಿಗೆ ಕಟ್ಟಿದ್ದ ಬಲ್ಬುಗಳು ಸರದಿಯಲ್ಲಿ ಹತ್ತುವುದನ್ನು ನೋಡಿ ನಾನು ಸೊಸೆಯನ್ನು ಕರೆಯುವಷ್ಟರಲ್ಲಿ ಕರೆಂಟು ಹೋಯಿತು. ಬಂದಾಗ ಹಲಗೆಗೆ ಒಂದೂ ನೆನಪಿಲ್ಲ.

"ಎಲ್ಲಾ ಮರ್ತೋಯ್ತಾ?"

"ಕರೆಂಟ್ ಹೋದ್ರೆ ಮರೆಯುತ್ತೆ ಕಣಜ್ಜಿ."

"ಕರೆಂಟ್ ಹೋದಾಗ್ಲೇ ತಾನೇ ಇದರ ಕೆಲಸ ಇರೋದು? ಒಳ್ಳೆ ಮೇಸ್ತ್ರಿನ ಹುಡುಕ್ಕೊಂಡ್ ಬಂದೆ ಬುಡು."

ಅವಳು ನಕ್ಕಳು. ಮರೆಯದ ಚಿಪ್ಪು ಬೇರೆ ಇದೆ, ಅದಕ್ಕೆ ಬರೆಸಲು ಬೆಂಗಳೂರಿಗೆ ಹೋಗಬೇಕು ಎಂದಳು. ಬರೆಸುವ ಮುಂಚೆ ಎಲ್ಲ ಸರಿಯಿದೆಯೇ ಎಂದು ನೋಡಲು ನಾವು ಅದೇ ಹಾಳೆಯನ್ನು ಎಷ್ಟು ಸಂಜೆ ಓದಿದೆವೋ. ಕೊನೆಗೆ ನನಗೆ ಹಾಳೆಯೇ ಬೇಕಿರಲಿಲ್ಲ. ಆ ಚಿಪ್ಪು ಬಂತು. ಬೆನ್ನ ಮೇಲೆ ಪುಟ್ಟ ಗಾಜಿನ ಕಿಟಕಿ. ಅದರೊಳಗೆ ಬಿಸಿಲು ಬಿದ್ದರೆ ಬರೆದದ್ದು ಅಳಿಸಿಹೋಗಬಹುದು ಎಂದು ಹೇಳುತ್ತಾ ಅವಳು ತನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಅಂಟಿಸಿದಳು, ಸಾಲದೆ ಅವರಮ್ಮನದನ್ನೂ ಕಿತ್ತು ಪಕ್ಕಕ್ಕೆ ಅಂಟಿಸಿದಳು.

ಆಮೇಲೆ ರಿಲೇ ಎಂಬ ಸಣ್ಣ ಸ್ವಿಚ್ಚುಗಳು ಬೇಕಾದವು. ಹಲಗೆಯ ಕರೆಂಟು ಒಂದು ಇರುವೆಯಷ್ಟು, ಮೋಟರಿನದ್ದು ಆನೆಯಷ್ಟು. ನಡುವೆ ನಿಂತು ಇರುವೆಯ ಮಾತನ್ನು ಆನೆಗೆ ಹೇಳುವುದು ಈ ರಿಲೇ. ಅವನ್ನು ತರಲು ಅಪ್ಪ ಮಗಳು ಇಬ್ಬರೂ ತುಮಕೂರಿನ ಶಿರಾ ಗೇಟ್ ಕಡೆಗೆ ಹೋಗಿ, ಹಳೇ ಸಾಮಾನಿನ ಅಂಗಡಿಗಳಲ್ಲಿ ಧೂಳು ಕುಡಿದು, ಒಂದು ಚೀಲ ತುಂಬಿಕೊಂಡು ಬಂದರು. ಮಗ ಹಲಸಿನ ಹಲಗೆಯಲ್ಲಿ ಒಂದು ಪೆಟ್ಟಿಗೆ ಮಾಡಿದ. ಧೂಳು ಹೋಗದಿರಲಿ ಎಂದು ನಾನು ಹಳೇ ಸೀರೆಯಲ್ಲಿ ಗವಸು ಹೊಲಿದೆ, ಅಂಚು ಕೂಡ ಬರುವ ಹಾಗೆ. "ಅದಕ್ಕೆ ಸೆಕೆ ಆಗುತ್ತೆ ಅಜ್ಜಿ" ಎಂದು ಮೊಮ್ಮಗಳು ತೆಗೆದಿಟ್ಟಳು. ನಾನು ಒಂದು ಗಳಿಗೆ ಮುಖ ಊದಿಸಿಕೊಂಡಿದ್ದೆ.

ಮಿಲ್ಲಿನ ಸಾವ್ಕಾರರು ಕೆಟ್ಟವರಲ್ಲ. ಆದರೆ ಅವರಿಗೆ ನಿಂತ ಮಿಲ್ಲು ಎಂದರೆ ಹೊಟ್ಟೆನೋವು. ಒಂದು ಭಾನುವಾರ ಪರೀಕ್ಷೆಗೆ ಒಪ್ಪಿದರು. "ಒಂದ್ಸಲ ನೋಡ್ತೀನಿ ಕಣಮ್ಮ. ಸರಿ ಹೋಗ್ಲಿಲ್ಲ ಅಂದ್ರೆ ಪೆಟ್ಗೆ ಎತ್ಕೊಂಡು ಹೋಗ್ಬೇಕು, ಅಳಬಾರದು" ಎಂದರು.

ಅವತ್ತು ಅವರು ಇಸ್ತ್ರಿ ಮಾಡಿದ ಬಿಳೀ ಶರಟು ಹಾಕಿಕೊಂಡು ಬಂದಿದ್ದರು. ಮೊಮ್ಮಗಳು ಗುಂಡಿ ಒತ್ತಿದಳು. ಪೆಟ್ಟಿಗೆಯೊಳಗೆ ಟಕ್ ಎಂದಿತು, ಪಾಲಿಷರ್ ಹೊರಟಿತು. ಟಕ್, ಬ್ಲೋವರ್. ಟಕ್, ಶೆಲ್ಲರ್. ಕೊನೆಗೆ ಎಲಿವೇಟರ್. ಸಾವ್ಕಾರರು ಮೀಸೆ ತಿರುವಿದರು. ಈಗ ನಿಜವಾದ ಪರೀಕ್ಷೆ. ಮೈನ್ ಸ್ವಿಚ್ಚು ಎಳೆದು ಎಲ್ಲ ನಿಲ್ಲಿಸಿದರು. ಅವಳು ಗುಂಡಿಯ ಮುಚ್ಚಳ ಎತ್ತಿಟ್ಟು, "ಈಗ ಕರೆಂಟ್ ಕೊಡಿ. ಏನೂ ತಿರುಗಲ್ಲ" ಎಂದಳು.

ಕೊಟ್ಟರು. ಎಲಿವೇಟರ್ ತಿರುಗಿತು.

ಬೇರೆ ಯಾವುದೂ ತಿರುಗಲಿಲ್ಲ, ಅದೊಂದೇ. ನಿಂತ ಶೆಲ್ಲರಿನ ಮೇಲೆ ಭತ್ತ ಬಿದ್ದು, ತುಂಬಿ, ಉಕ್ಕಿ, ಮೇಲಿನಿಂದ ಸಾವ್ಕಾರರ ತಲೆ ಮೇಲೆ ಮಳೆ ಸುರಿದ ಹಾಗೆ ಸುರಿಯಿತು. ಶರಟಿನ ಕಾಲರಿನೊಳಕ್ಕೂ ಇಳಿಯಿತು. ನನಗೆ ನಗು ಬರಲಿಲ್ಲ. ಆ ತೆರೆದ ಗುಂಡಿಯಲ್ಲಿ ತಗಡಿನ ಬೊಗಸೆಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಮೊಮ್ಮಗಳು ಅವನ್ನೇ ನೋಡುತ್ತಾ ನಿಂತಿದ್ದಳು. ಮಗ ಓಡಿಹೋಗಿ ಮೈನ್ ಎಳೆದ. ಸಾವ್ಕಾರರು ಮೈ ಕೊಡವಿಕೊಳ್ಳುತ್ತಾ, "ಪೆಟ್ಗೆ ತೆಗ್ಯಮ್ಮ" ಎಂದಷ್ಟೇ ಹೇಳಿ ಹೋದರು.

ಮಧ್ಯಾಹ್ನವೆಲ್ಲ ಅವಳು ಹಾಳೆ ಹಿಡಿದು ಕೂತಳು. ನಾನು ಮೊದಲಿನಿಂದ ಓದಿದೆ, ಅವಳು ಒಂದೊಂದಕ್ಕೂ ತಲೆ ಆಡಿಸಿದಳು. ಎಲ್ಲೂ ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕಿದ್ದರೇ ಅವಳಿಗೆ ಸಮಾಧಾನವಾಗುತ್ತಿತ್ತು ಅನ್ನಿ.

ಸಂಜೆ ಊಟಕ್ಕೆ ಕೂತಾಗ ಮಗ ಮುದ್ದೆ ಮುರಿಯುತ್ತಾ ತಲೆ ಎತ್ತದೆ, "ತಪ್ಪು ಹುಡುಕ್ಬೇಡ ಕಣವ್ವ. ನಿನ್ ಲೆಕ್ಕ ಸರಿಯಾಗೇ ಅದೆ" ಎಂದ.

"ಮತ್ತೆ ಎಲಿವೇಟರ್ ಹೆಂಗಪ್ಪ ತಿರುಗ್ತು?"

"ಕಡ್ಡಿ ಸಿಗ್ಸಿದ್ದೆ."

ಸೊಸೆಯ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತು.

"ಆ ಸ್ಟಾರ್ಟರ್ ಭಾಳ ಹಳೇದು" ಎಂದ ಅವನು. "ಓಲ್ಟೇಜ್ ಕಮ್ಮಿಯಾದ್ರೆ ಹಿಡ್ಕಳಲ್ಲ. ಸಾವ್ಕಾರ್ರ ಮುಂದೆ ನಿನ್ ಪೆಟ್ಗೆ ಟಕ್ ಅಂದು, ಮೋಟ್ರು ಸುಮ್ನಿದ್ಬುಟ್ರೆ ನಿಂಗೆ ಅವಮಾನ ಅಲ್ವಾ? ಅದ್ಕೇ ಕೊನೇ ಟಕ್ ಆದೇಟ್ಗೆ, ನೀವೆಲ್ಲ ಬೆಲ್ಟ್ ನೋಡ್ತಿದ್ದಾಗ, ಒಂದು ಪೊರಕೆ ಕಡ್ಡಿ ಸಿಗ್ಸಿಟ್ಟೆ. ಬೆಂಕಿಕಡ್ಡಿ ಮುರಿದೋಯ್ತದೆ ಅಂತ ಗಟ್ಟಿ ಕಡ್ಡೀನೇ ನೋಡಿ ಸಿಗ್ಸಿದ್ದೆ."

"ಅಪ್ಪ," ಎಂದಳು ಅವಳು, "ಮೋಟ್ರು ಸುಮ್ನಿರ್ಲಿ ಅಂತಾನೇ ನಾನು ಇಷ್ಟು ದಿನ ಒದ್ದಾಡ್ತಿರೋದು."

"ಏನ್ಲಾ," ಎಂದೆ ನಾನು, "ಆ ಕಡ್ಡಿ ನಿನ್ ಬೆರಳು ತಿಂದದ್ದು ಮರ್ತೋಯ್ತಾ ನಿಂಗೆ?"

"ಮರ್ತಿಲ್ಲ ಕಣವ್ವ. ಇವತ್ತು ಗುಂಡಿಗೆ ಯಾರೂ ಕೈ ಹಾಕಲ್ವಲ್ಲ ಅಂದ್ಕಂಡೆ. ಇವಳು ಗೆಲ್ಲಲಿ ಅಂತ."

ಮೊಮ್ಮಗಳು ಅತ್ತಳೋ ನಕ್ಕಳೋ ಹೇಳುವುದು ಕಷ್ಟ. ಎರಡೂ ಒಟ್ಟಿಗೇ ಬಂದು ಕೆಮ್ಮು ಹತ್ತಿತು. ಅವಳಪ್ಪ ಎದ್ದು ನೀರು ತಂದುಕೊಟ್ಟು, ತುದಿಯಿಲ್ಲದ ಬೆರಳುಗಳ ಎಡಗೈಯಲ್ಲಿ ಅವಳ ನೆತ್ತಿ ತಟ್ಟಿದ. ಅಂಥ ಅಪ್ಪನನ್ನು ಬೈಯುವುದು ಹೇಗೆ? ಆದರೂ ಸೊಸೆ ಬೈದಳು, ಚೆನ್ನಾಗಿಯೇ ಬೈದಳು. ಅವನು ಎರಡನೇ ಮುದ್ದೆ ಹಾಕಿಸಿಕೊಂಡು ಬೈಸಿಕೊಂಡ.

ಮರುದಿನ ಬೆಳಿಗ್ಗೆ ಅವಳು ಹಿತ್ತಿಲಲ್ಲಿ ಹಲ್ಲುಜ್ಜುತ್ತಾ ನಿಂತವಳು ತಟ್ಟನೆ ನನ್ನ ಕಡೆ ತಿರುಗಿ, "ಅಜ್ಜಿ, ಅಪ್ಪನೇ ಕಡ್ಡಿ ಸಿಗಿಸ್ತಾರೆ ಅಂದ್ರೆ ಎಲ್ರೂ ಸಿಗಿಸ್ತಾರೆ. ಬೇಡ ಅಂತ ಹೇಳಿ ಪ್ರಯೋಜನ ಇಲ್ಲ. ಕಡ್ಡಿ ಇದ್ರೂ ಮೋಟ್ರು ಹೊರಡಬಾರದು, ಹಂಗೆ ಮಾಡ್ಬೇಕು" ಎಂದಳು. ಬಾಯಲ್ಲಿ ಹಲ್ಲುಪುಡಿ ಇದ್ದುದರಿಂದ ಎರಡು ಸಲ ಹೇಳಬೇಕಾಯಿತು.

ಅವಳು ಮಾಡಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಮೊದಲು ಅವಳ ರಿಲೇ ಹಸಿರು ಗುಂಡಿಯನ್ನು ಒತ್ತುವ ಇನ್ನೊಂದು ಬೆರಳಿನಂತೆ ಇತ್ತು. ಬೆರಳು ತೆಗೆದರೂ ಕಡ್ಡಿ ಒತ್ತಿಕೊಂಡೇ ಇರುತ್ತಿತ್ತು. ಈಗ ಅವಳು ಕರೆಂಟು ಸ್ಟಾರ್ಟರಿಗೆ ಬರುವ ದಾರಿಗೇ ರಿಲೇಯನ್ನು ಕಾವಲು ನಿಲ್ಲಿಸಿದಳು. ಹಲಗೆ ಹೂ ಅಂದರೆ ಮಾತ್ರ ದಾರಿ ತೆರೆಯುತ್ತದೆ. ಹಸಿರು ಗುಂಡಿಗೆ ಕಡ್ಡಿ ಹಾಕು, ತೊಲೆ ಹಾಕು, ದಾರಿ ಮುಚ್ಚಿದ್ದರೆ ಏನೂ ನಡೆಯುವುದಿಲ್ಲ. ಭತ್ತದ ಗುಂಡಿಯ ಮುಚ್ಚಳ ಎತ್ತಿದ್ದು ಹಲಗೆಗೆ ತಿಳಿಯಲೆಂದು ಕೂರಿಸಿದ್ದ ಸ್ವಿಚ್ಚನ್ನೂ ಅದೇ ದಾರಿಯಲ್ಲಿ ಸೇರಿಸಿದಳು, ಹಲಗೆಗೆ ತಲೆ ಕೆಟ್ಟರೂ ಮುಚ್ಚಳ ತೆರೆದಿರುವ ತನಕ ಎಲಿವೇಟರಿಗೆ ಕರೆಂಟು ಸಿಗದ ಹಾಗೆ. ಆ ಹಳೇ ಸ್ಟಾರ್ಟರನ್ನು ಬಿಚ್ಚಿ ತಿಕ್ಕಿ ತೊಳೆದು ಹಿಡಿದುಕೊಳ್ಳುವಂತೆ ಮಾಡಿದ್ದು ನನ್ನ ಮಗ.

ಉಳಿದದ್ದು ಸಾವ್ಕಾರರು. ನಾನು ಹಸುವಿಗೆ ತವುಡು ತರುವ ನೆಪದಲ್ಲಿ ಹೋದೆ.

"ಇನ್ನೊಂದ್ ಸಲ ನೋಡಿ ಸಾವ್ಕಾರ್ರೆ."

"ಅಜ್ಜಿ, ನನ್ ಬನೀನಲ್ಲಿ ಇನ್ನೂ ಬತ್ತ ಸಿಕ್ತಾ ಅವೆ."

"ಮದ್ವೇಲಿ ತಲೆ ಮೇಲೆ ಅಕ್ಕಿ ಹಾಕುಸ್ಕಂಡಾಗ ಸಿಟ್ಟು ಮಾಡ್ಕಂಡ್ರಾ? ಇದು ಇನ್ನೂ ಹೊಟ್ಟು ಬಿಡಿಸಿರ್ಲಿಲ್ಲ, ಅಷ್ಟೇಯ."

ಅವರು ನಗಲಿಲ್ಲ, ಆದರೆ ಮೀಸೆ ಅಲುಗಿತು. ನಾನು ಬಿಡಲಿಲ್ಲ. "ನನ್ ಮಗ ದಿನಾ ಮನಿಕ್ಕಂಡು ನಿಮ್ ಗುಂಡಿಗೆ ಕೈ ಹಾಕ್ತಾನೆ. ಇನ್ನೊಂದ್ ಕೈ ಉಳ್ಕಂಡದೆ. ಅದು ಹೋದ್ರೆ ನಿಮ್ಗೆ ಬೇರೆ ಆಪರೇಟರ್ ಸಿಗ್ತಾನೆ. ನಮ್ಗೆ ಬೇರೆಯವನು ಸಿಗಲ್ಲ" ಎಂದೆ. ಅವರು ತವುಡಿನ ಚೀಲದ ಬಾಯಿ ತಾವೇ ಕಟ್ಟಿಕೊಟ್ಟು, "ಹೋಗಿ, ಹಾಕ್ಕೊಳಕ್ಕೆ ಹೇಳಿ. ಈ ಸಲ ನಾನು ದೂರ ನಿಂತ್ಕತೀನಿ" ಎಂದರು.

ಪೆಟ್ಟಿಗೆ ಮತ್ತೆ ಗೋಡೆ ಏರಿತು. ಮೊಮ್ಮಗಳು ಪ್ರತಿ ಸ್ಟಾರ್ಟರಿಗೂ ತಾನೇ ಕಡ್ಡಿ ಸಿಕ್ಕಿಸಿ, ಮೈನ್ ಎಳೆದು ಕೊಟ್ಟು, ಎಲ್ಲ ಸುಮ್ಮನಿರುವುದನ್ನು ನೋಡಿ, ಕಡ್ಡಿಗಳನ್ನು ಎಣಿಸಿ ತೆಗೆದಳು. ಆದರೂ ನಾವೇ ಎಳೆದು ನಾವೇ ಕೊಟ್ಟ ಕರೆಂಟು ಬೇರೆ, ಕೆಲಸದ ನಡುವೆ ತಾನಾಗಿ ಬರುವ ಕರೆಂಟು ಬೇರೆ. ಅದು ಬರುವ ತನಕ ನನಗೆ ಸಮಾಧಾನವಿರಲಿಲ್ಲ.

ಬಂದದ್ದು ಮರುದಿನವೇ. ನಾನು ಮಗನಿಗೆ ಬುತ್ತಿ ತೆಗೆದುಕೊಂಡು ಹೋಗಿದ್ದೆ. ಮೊಮ್ಮಗಳ ಕಾಲೇಜಿಗೆ ರಜೆ, ಅವಳೂ ಜೊತೆಗಿದ್ದಳು. ಮಿಲ್ಲು ಓಡುತ್ತಿದ್ದುದು ದಬ್ಬನೆ ನಿಂತಿತು. ಗುಂಡಿ ಭತ್ತದಿಂದ ತುಂಬಿಹೋಗಿತ್ತು. ಮಗ ಅಭ್ಯಾಸದಂತೆ ಮುಚ್ಚಳ ಎತ್ತಿ, ಬೋರಲು ಮಲಗಿ, ಭುಜದವರೆಗೆ ಬಲಗೈ ಇಳಿಸಿದ. ನಾನು ಬುತ್ತಿಯನ್ನು ಎದೆಗೆ ಒತ್ತಿಕೊಂಡು ನಿಂತೆ. ಮೊಮ್ಮಗಳು ಪೆಟ್ಟಿಗೆಯನ್ನು ನೋಡಲಿಲ್ಲ, ಅಪ್ಪನ ಭುಜವನ್ನೇ ನೋಡುತ್ತಿದ್ದಳು.

ಮೇಲಿನ ಬಲ್ಬು ಹತ್ತಿತು.

ಮಗ ಒಂದು ಕ್ಷಣ ಬಿಗಿಯಾದ. ಅವನ ಬೆನ್ನಿನಲ್ಲಿ ನಾನು ಅದನ್ನು ಕಂಡೆ. ಯಾವ ಬೆಲ್ಟೂ ಅಲುಗಲಿಲ್ಲ. ಒಂದು ಗುಬ್ಬಿ ಶೆಲ್ಲರಿನ ಮೇಲೆ ಕೂತು ಕಾಳು ಹೆಕ್ಕುತ್ತಿತ್ತು, ಅದು ಕೂಡ ಹಾರಲಿಲ್ಲ. ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ಉರಿಯುತ್ತಿದ್ದವು, ಅಷ್ಟೆ. ಅವನ ಬೆನ್ನು ನಿಧಾನಕ್ಕೆ ಸಡಿಲವಾಯಿತು. ಕೈ ಹೊರಗೆ ತೆಗೆಯುತ್ತಾನೆ ಎಂದುಕೊಂಡೆ, ತೆಗೆಯಲಿಲ್ಲ. ಒಳಗೇ ಇಟ್ಟುಕೊಂಡು ಇನ್ನೊಂದು ಹಿಡಿ ಭತ್ತ ತೋಡಿ ಹಾಕಿದ. ಇನ್ನೊಂದು. ಕೆಲಸವನ್ನು ಅಷ್ಟು ನಿಧಾನವಾಗಿ ಮಾಡಿದ್ದನ್ನು ನಾನು ಅವನ ಜನ್ಮದಲ್ಲಿ ಕಂಡಿರಲಿಲ್ಲ.

ಎದ್ದು, ಕೈ ಕೊಡವಿ, ಮುಚ್ಚಳವನ್ನು ಮುಚ್ಚದೆ ಪಕ್ಕಕ್ಕೆ ಒರಗಿಸಿಟ್ಟ. ಚೀಲದ ರಾಶಿಯ ಮೇಲೆ ಕೂತ. "ಅವ್ವ, ಹೊಟ್ಟೆ ಹಸಿದದೆ. ಬಡ್ಸು" ಎಂದ.

ಆಫೀಸಿನ ಬಾಗಿಲಿಗೆ ಸಾವ್ಕಾರರು ಬಂದು ನಿಂತರು. "ಕರೆಂಟ್ ಬಂದದಲ್ಲಯ್ಯ, ಯಾಕ್ ಕೂತೆ?"

"ಮುಚ್ಚಳ ತೆಗ್ದದೆ ಸಾವ್ಕಾರ್ರೆ. ಅದು ಯಾರ್ ಹೇಳುದ್ರೂ ಕೇಳಲ್ಲ."

ಸಾವ್ಕಾರರು ಮುಚ್ಚಳ ನೋಡಿದರು, ಪೆಟ್ಟಿಗೆ ನೋಡಿದರು, ಮೊಮ್ಮಗಳನ್ನು ನೋಡಿದರು. "ಉಪ್ಪಿನಕಾಯಿ ಏನಾದ್ರೂ ತಂದಿದೀರ ಅಜ್ಜಿ?" ಎಂದು ಕೇಳುತ್ತಾ ಬಂದು ಅವರೂ ಒಂದು ಚೀಲದ ಮೇಲೆ ಕೂತರು. ಅಷ್ಟು ದೊಡ್ಡ ಮಿಲ್ಲು, ಕರೆಂಟು ಇಟ್ಟುಕೊಂಡು, ನನ್ನ ಮಗ ಊಟ ಮುಗಿಸಿ ಕೈ ತೊಳೆಯುವ ತನಕ ಕಾದುಕೊಂಡು ನಿಂತಿತ್ತು.